ವ್ಯೂ ಪಾಯಿಂಟ್ ಎಲ್ಲಿ ಅಂತ ಕೇಳ್ಬೇಡಿ

ಹೋದ ಭಾನುವಾರ ಬೆಂಗಳೂರಿನಿಂದ ಬಂದಿದ್ದ ನಮ್ಮ ಭಾವನನ್ನು ಬೆಳಿಗ್ಗೆ ಆರಕ್ಕೇ ಎಬ್ಬಿಸಿ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋದೆ. ಹತ್ತು ನಿಮಿಷ ನಡೆದಿರಲಿಲ್ಲ, ಶುರು ಮಾಡಿದರು: "ವ್ಯೂ ಪಾಯಿಂಟ್ ಎಲ್ಲಿ ಬರುತ್ತೆ?"

ಅಯ್ಯೋ ಭಾವ!

ಸುತ್ತು ಹಾಕಿದರೆ ಸುಮಾರು ಐದು ಕಿಲೋಮೀಟರ್ ಆಗುವ ದಾರಿ ಇದು. ಅರ್ಧ ದಾರಿಯಲ್ಲಿ ನೀರೇ ಕಾಣಲ್ಲ. ಮರ, ಪೊದೆ, ಬಳ್ಳಿ ಅಡ್ಡ. ಆಮೇಲೆ ಎಲ್ಲೋ ಎರಡು ಮರಗಳ ಸಂದಿಯಲ್ಲಿ ಒಂದು ತುಣುಕು ಕೆರೆ, ಮತ್ತೆ ಮಾಯ. ಪಶ್ಚಿಮದ ದಡಕ್ಕೆ ಬಂದಾಗ ಇದ್ದಕ್ಕಿದ್ದಂತೆ ಇಡೀ ನೀರು ತೆರೆದುಕೊಂಡು, ಅದರಾಚೆ ಚಾಮುಂಡಿ ಬೆಟ್ಟ. ಅಷ್ಟು ಹೊತ್ತು ಮರ ಮುಚ್ಚಿಟ್ಟಿದ್ದಕ್ಕೇ ಅದು ಅಷ್ಟು ಚೆಂದ, ಅಲ್ವಾ? ಇಲ್ಲೊಂದು ಗೋಪುರ ಕಟ್ಟಿ, ಟೈಲ್ಸ್ ಹಾಕಿ, ಬಣ್ಣದ ಲೈಟ್ ಬಿಡಿ ಅನ್ನುವವರು ನಮ್ಮಲ್ಲೇ ಇದ್ದಾರೆ. ಬೇಡ ಸ್ವಾಮಿ. ಲೈಟು ನೋಡಬೇಕಾದರೆ ದಸರೆಗೆ ಬನ್ನಿ.

ಇದು ತಾನಾಗಿ ಆದ ಕೆರೆಯೂ ಅಲ್ಲ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದು. ಈಗ ಪಕ್ಕದಲ್ಲೇ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿ, ಆ ಹೆಸರಿಟ್ಟವರು ಕುವೆಂಪು. ಮನುಷ್ಯರು ಕಟ್ಟಿದ ಕೆರೆಯನ್ನು ಹಕ್ಕಿಗಳು ತಮ್ಮದು ಮಾಡಿಕೊಂಡಿವೆ: ಹೆಜ್ಜಾರ್ಲೆ (ಪೆಲಿಕನ್), ನೀರುಕಾಗೆ, ಹಾವಿನಂಥ ಕತ್ತಿನ ಹಾವಕ್ಕಿ. ಅದೇ ಹೆಜ್ಜಾರ್ಲೆ ಮದ್ದೂರಿನ ಹತ್ತಿರ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತೆ. ಅಲ್ಲಿ ಊರವರು ಕೊಕ್ಕರೆಗಳನ್ನು ಮನೆ ಮಕ್ಕಳ ಹಾಗೆ ನೋಡುತ್ತಾರೆ. ನಾವು ಇಲ್ಲಿ ಸ್ಪೀಕರ್ ಹಾಕಿಕೊಂಡು ವಾಕ್ ಮಾಡುತ್ತೇವೆ.

ನಾನೇನೂ ಸಾಚಾ ಅಲ್ಲ, ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಒಂದು ಹಾವಕ್ಕಿ ಕೊಂಬೆ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಾ ಕೂತಿತ್ತು. ಒಳ್ಳೆ ಫೋಟೋ ಬೇಕು ಅಂತ ದಾರಿ ಬಿಟ್ಟು ಕೆಳಗಿಳಿದೆ. ಕಾಲು ಕೆಸರಿನಲ್ಲಿ ಮೊಳಕಾಲಿನವರೆಗೆ ಹೂತು, ಒಂದು ಚಪ್ಪಲಿ ಅಲ್ಲೇ ಉಳಿಯಿತು. ಹಕ್ಕಿ ಒದ್ದೆ ರೆಕ್ಕೆಯಲ್ಲೇ ಹಾರಿಹೋಯಿತು. ಫೋಟೋದಲ್ಲಿ ಬಂದಿದ್ದು ಬರೀ ಕೊಂಬೆ. ಆ ಒಂಟಿ ಚಪ್ಪಲಿಯಲ್ಲಿ ಗೇಟಿನವರೆಗೆ ಬಂದಾಗ ಎದುರಾದ ಅಜ್ಜಿಯೊಬ್ಬರು, "ಹಕ್ಕಿ ಸಿಕ್ತಾ ಮಗಾ?" ಅಂದರು.

ಭಾವ ಮಾತ್ರ ಪಶ್ಚಿಮದ ದಡದಲ್ಲಿ ಅರ್ಧ ಗಂಟೆ ಕೂತರು. ಫೋನ್ ತೆಗೆಯಲೇ ಇಲ್ಲ. ಎದ್ದಾಗ ಕೇಳಿದ್ದು ಒಂದೇ ಮಾತು: "ಮೈಲಾರಿ ದೋಸೆ ಇಷ್ಟೊತ್ತಿಗೆ ಸಿಗುತ್ತಾ?"