ಹೊಲಿಗೆಯ ಬಾಣಂತನ

ಕೇಳುಗರಿಗೆ ನಮಸ್ಕಾರ. ವಿಜಯಪುರ ಜಿಲ್ಲೆಯಲ್ಲಿ ಸಿಜೇರಿಯನ್ ಆದ ಬಾಣಂತಿಯನ್ನು ನೋಡಲು ಬಂದವರು ಆಡುವ ಒಂದು ಮಾತನ್ನು, ಹೆರಿಗೆ ವಾರ್ಡಿನಲ್ಲಿ ಶುಶ್ರೂಷಕಿಯಾಗಿರುವ ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ: "ಬ್ಯಾನಿ ತಿನ್ನಲಾರದ ಹಡದಾಳ." ಹತ್ತು ಹನ್ನೆರಡು ತಾಸು ಬ್ಯಾನಿ, ಅಂದರೆ ಹೆರಿಗೆ ನೋವು, ತಿಂದ ಮೇಲೆಯೇ ಶಸ್ತ್ರಚಿಕಿತ್ಸೆಗೆ ಹೋದ ಎಷ್ಟೋ ತಾಯಂದಿರು ಆ ಮಾತನ್ನು ಕೇಳಿಸಿಕೊಂಡು ಗೋಡೆಯ ಕಡೆ ಮುಖ ತಿರುಗಿಸುತ್ತಾರೆ. ಚರ್ಮ, ಕೊಬ್ಬು, ಸ್ನಾಯುವಿನ ಮೇಲಿನ ಗಟ್ಟಿ ಪೊರೆ, ಉದರದ ಒಳಪೊರೆ, ಕೊನೆಗೆ ಗರ್ಭಕೋಶ, ಹೀಗೆ ಪದರ ಪದರವಾಗಿ ಕೊಯ್ದು ಮಗುವನ್ನು ತೆಗೆದು ಮತ್ತೆ ಹೊಲಿದಿರುತ್ತಾರೆ. ಮೇಲಿನ ಚರ್ಮ ವಾರ ಹತ್ತು ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಒಳಗಿನ ಗಟ್ಟಿ ಪೊರೆಗೆ ಮೊದಲಿನ ಬಲದ ಸುಮಾರು ಅರ್ಧದಷ್ಟು ಬರಲು ಆರು ವಾರ ಬೇಕು. ನಮ್ಮ ಹಿರಿಯರ ಬಾಣಂತನ ರೂಪುಗೊಂಡದ್ದು ಸಹಜ ಹೆರಿಗೆಗಾಗಿ. ಹೊಲಿಗೆ ಬಿದ್ದ ಹೊಟ್ಟೆಗೆ ಅದನ್ನು ಇದ್ದಂತೆಯೇ ಹಚ್ಚಲಾಗದು.

ಮೊದಲ ಜಗಳ ಆಸ್ಪತ್ರೆಯಲ್ಲಿಯೇ ಆಗುತ್ತದೆ. ಬೆನ್ನಿಗೆ ಕೊಟ್ಟ ಅರಿವಳಿಕೆ ಇಳಿದು, ಕಾಲುಗಳಲ್ಲಿ ಶಕ್ತಿ ಬಂದು, ಮೂತ್ರದ ನಳಿಕೆ ತೆಗೆದ ಮೇಲೆ, 24 ತಾಸಿನೊಳಗೆ ನಾವು ಬಾಣಂತಿಯನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುತ್ತೇವೆ. ತಾಯಿಯೋ ಅತ್ತೆಯೋ "ಹಸಿ ಮೈ ಐತ್ರಿ, ಎಬ್ಬಿಸಬ್ಯಾಡ್ರಿ" ಎಂದು ಅಡ್ಡ ನಿಲ್ಲುತ್ತಾರೆ. ಬಸಿರು ಮತ್ತು ಬಾಣಂತನದಲ್ಲಿ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ. ಅಲುಗದೆ ಮಲಗಿದರೆ ಮೀನಖಂಡದಲ್ಲಿ ಹೆಪ್ಪುಗಟ್ಟಿದ ರಕ್ತ ಪುಪ್ಪುಸಕ್ಕೆ ಏರಿ ಪ್ರಾಣಕ್ಕೇ ಕುತ್ತು ತರಬಹುದು. ನಡೆದರೆ ಹೊಟ್ಟೆಯಲ್ಲಿ ತುಂಬಿದ ವಾಯುವೂ ಹೊರಬೀಳುತ್ತದೆ. ಏಳುವಾಗ ಮಾತ್ರ ನೆಟ್ಟಗೆ ಏಳಬಾರದು. ಒಂದು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು, ಮೊಣಕೈ ಊರಿ ಎದ್ದು ಕೂಡಬೇಕು. ಕೆಮ್ಮು ಬಂದರೆ ಗಾಯದ ಮೇಲೆ ದಿಂಬು ಒತ್ತಿ ಹಿಡಿಯಬೇಕು. ಹಾಲುಣಿಸುವಾಗ ಮಗುವಿನ ಕಾಲುಗಳು ತಾಯಿಯ ಕಂಕುಳಡಿ ಹಿಂದಕ್ಕೆ ಹೋಗುವಂತೆ ಹಿಡಿದರೆ ಅದರ ಭಾರ ಗಾಯದ ಮೇಲೆ ಬೀಳುವುದಿಲ್ಲ. ಶಸ್ತ್ರಚಿಕಿತ್ಸೆ ಆಯಿತೆಂದು ಮೊದಲ ಗಿಣ್ಣದ ಹಾಲನ್ನು ತಪ್ಪಿಸಿ ಜೇನು, ಸಕ್ಕರೆ ನೀರು ನೆಕ್ಕಿಸುವ ಕಾರಣವೇ ಇಲ್ಲ. ತಾಯಿಗೆ ಎಚ್ಚರವಿದ್ದರೆ ಒಂದು ತಾಸಿನೊಳಗೆ ಮೊಲೆಗೆ ಹಾಕಬಹುದು.

ಇನ್ನು ತವರುಮನೆಯ ಕೋಣೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ದಿನಗಳಲ್ಲಿಯೂ ಕಿಟಕಿ ಮುಚ್ಚಿ, ಕಿವಿಗೆ ಬಟ್ಟೆ ಕಟ್ಟಿ, "ಹೊಟ್ಟಿ ಬರತೈತಿ", ಅಂದರೆ ಹೊಟ್ಟೆ ದಪ್ಪಗಾಗುತ್ತದೆ, ಎಂದು ನೀರನ್ನು ಅಳೆದು ಕೊಡುತ್ತಾರೆ. ನೀರು ಸಾಲದಿದ್ದರೆ ಮೂತ್ರದ ಸೋಂಕು ತಗಲಬಹುದು, ಮಲ ಗಟ್ಟಿಯಾಗುತ್ತದೆ, ತಿಣುಕಿದಾಗಲೆಲ್ಲ ಹೊಲಿಗೆ ಜಗ್ಗುತ್ತದೆ. ಮಂಚದ ಕೆಳಗೆ ಕೆಂಡ ಇಟ್ಟು ಕಾಸುವುದು ಇನ್ನೂ ಅಪಾಯಕರ. ಮುಚ್ಚಿದ ಕೋಣೆಯ ಹೊಗೆ ತಾಯಿಗೆ ಕೆಮ್ಮು ತರುವುದಲ್ಲದೆ ಹಸುಗೂಸಿನ ಉಸಿರಿಗೂ ಕೇಡು. ಜೊತೆಗೆ, ಗಾಯದ ಸುತ್ತಲಿನ ಚರ್ಮ ಕೆಲವು ತಿಂಗಳು ಜೋಮು ಹಿಡಿದಂತಿರುವುದರಿಂದ ಅಲ್ಲಿ ಬಿಸಿ ತಟ್ಟಿದರೂ ಅರಿವಾಗದೆ ಸುಟ್ಟುಕೊಳ್ಳಬಹುದು. ಗಾಯಕ್ಕೆ ಅರಿಶಿನ, ಎಣ್ಣೆ, ಬೂದಿ ಬೇಡ. ಶುದ್ಧ ನೀರು, ಒಣ ಬಟ್ಟೆ ಸಾಕು.

ಊಟದ ವಿಷಯದಲ್ಲಿ ಅಜ್ಜಿಯಂದಿರ ಪಕ್ಷ ನನ್ನದೂ ಹೌದು. ಅಂಟಿನುಂಡಿ, ಅಳವಿ ಪಾಯಸ, ಸಬ್ಬಸಿಗಿ ಪಲ್ಯ, ಬಿಸಿ ರೊಟ್ಟಿ, ಇವುಗಳನ್ನು ನಾನೂ ತಿಂದೇ ಎದ್ದವಳು. ಬೇಳೆ, ಕಾಳು, ರೂಢಿಯಿದ್ದವರಿಗೆ ತತ್ತಿ, ಇವನ್ನು ಪಥ್ಯದ ಹೆಸರಿನಲ್ಲಿ ಬಿಡಿಸಬಾರದು, ಏಕೆಂದರೆ ಗಾಯ ಕೂಡುವುದು ಇವುಗಳಿಂದಲೇ. ಕಬ್ಬಿಣಾಂಶದ ಗುಳಿಗೆಯನ್ನು 180 ದಿನ ನುಂಗಬೇಕು. ಕ್ಯಾಲ್ಸಿಯಂ ಗುಳಿಗೆಯನ್ನು ಅದರ ಜೊತೆ ಸೇರಿಸದೆ ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು.

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್, ಔಷಧ, 7 ದಿನಗಳವರೆಗಿನ ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ. ಆದುದರಿಂದ ಮೂರನೆಯ ದಿನಕ್ಕೇ ಟಂಟಂ ಗಾಡಿ ತಂದು ನಿಲ್ಲಿಸುವ ಅವಸರ ಬೇಡ. ಮನೆಗೆ ಹೋದ ಮೇಲೆ 42ನೆಯ ದಿನದವರೆಗೆ ಆಶಾ ಕಾರ್ಯಕರ್ತೆ ಬರುತ್ತಾರೆ. ಚಳಿಜ್ವರ, ಗಾಯದಲ್ಲಿ ಕೀವು, ದುರ್ವಾಸನೆಯ ಸ್ರಾವ, ತಾಸಿಗೊಂದು ಪ್ಯಾಡ್ ತೊಯ್ಯುವ ರಕ್ತ, ಒಂದೇ ಕಾಲಿನ ಬಾವು, ಏದುಸಿರು, ಇವುಗಳಲ್ಲಿ ಯಾವುದು ಕಂಡರೂ ಅವರ ದಾರಿ ಕಾಯದೆ 108ಕ್ಕೆ ಕರೆ ಮಾಡಿರಿ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಕೂಸೇ ಬೇಡವೆನಿಸಿದರೆ, ಅದನ್ನು ದೆವ್ವ, ದೃಷ್ಟಿ ಎಂದು ತಿಳಿಯದೆ ವೈದ್ಯರಿಗೆ ಹೇಳಿರಿ. 14416 ಸಂಖ್ಯೆಯ ಟೆಲಿ ಮನಸ್ ಸಹಾಯವಾಣಿಯಲ್ಲಿಯೂ ಮಾತಾಡಬಹುದು.

ಇಷ್ಟೆಲ್ಲ ಕಾಳಜಿ ಮಾಡಿದ ಮನೆಗಳೂ ಎಡವುವುದು ನೀರಿನ ಕೊಡದ ಹತ್ತಿರ. ಆರು ವಾರಗಳವರೆಗೆ ಬಾಣಂತಿ ತನ್ನ ಕೂಸಿಗಿಂತ ಹೆಚ್ಚಿನ ಭಾರ ಎತ್ತಬಾರದು. ಕೂಸಿನ ತೂಕ ಮೂರು ಕಿಲೊ, 15 ಲೀಟರಿನ ತುಂಬಿದ ಕೊಡದ ತೂಕ ಅದರ ಐದು ಪಟ್ಟು. ಬಿಡುಗಡೆ ಚೀಟಿಯಲ್ಲಿ "ಭಾರ ಎತ್ತಬಾರದು" ಎಂದಷ್ಟೇ ಬರೆದಿರುತ್ತದೆ. ನಾನು ಅದರ ಕೆಳಗೆ "ಕೊಡ" ಎಂದು ಸೇರಿಸಿ, ಎಂದಿನವರೆಗೆ ಎಂಬ ತಾರೀಖು ಹಾಕಿ, ಚೀಟಿಯನ್ನು ಗಂಡನ ಕೈಗೇ ಕೊಡುತ್ತೇನೆ. ನಮಸ್ಕಾರ.