ಚಂದ್ರಿಯ ಬಂಗಾರ

ಕೇಳುಗರಿಗೆ ನಮಸ್ಕಾರ.

ಒಂದು ಅಗ್ರಹಾರ, ಒಂದು ಹೆಣ. ಅದರ ಸಂಸ್ಕಾರ ಯಾರು ಮಾಡಬೇಕು ಅಂತ ತೀರ್ಮಾನ ಆಗುವವರೆಗೆ ಯಾರೂ ಊಟ ಮಾಡುವ ಹಾಗಿಲ್ಲ. 1970ರ ‘ಸಂಸ್ಕಾರ’ ಸಿನಿಮಾ ಶುರುವಾಗುವುದು ಈ ಪೇಚಿನಿಂದ. ಸತ್ತ ನಾರಣಪ್ಪ ಹೆಂಡ ಕುಡಿದವನು, ಮಾಂಸ ತಿಂದವನು. ಆದರೂ ಜಾತಿಯಿಂದ ಯಾರೂ ಅವನನ್ನು ಹೊರಗೆ ಹಾಕಿರಲಿಲ್ಲ. ಈಗ ಏನು ಮಾಡುವುದು?

ನಾರಣಪ್ಪನ ಜೊತೆ ಬಾಳಿದ ಚಂದ್ರಿ ತನ್ನ ಒಡವೆ ಬಿಚ್ಚಿ ಅಗ್ರಹಾರದ ಪಂಡಿತರಾದ ಪ್ರಾಣೇಶಾಚಾರ್ಯರ ಮುಂದೆ ಇಡುತ್ತಾಳೆ. ಹೆಣ ಸುಡುವ ಖರ್ಚಿಗೆ. ಅಲ್ಲಿವರೆಗೆ ‘ನಮಗೆ ಬೇಡ’ ಅಂತಿದ್ದವರ ಕಣ್ಣೆಲ್ಲ ಈಗ ಆ ಒಡವೆ ಮೇಲೆ. ಕಪ್ಪು ಬಿಳುಪು ಚಿತ್ರ ನೋಡಿ, ಬಂಗಾರದ ಹಳದಿ ಕಾಣುವುದಿಲ್ಲ. ಅವರ ಮುಖ ನೋಡಿದರೆ ಸಾಕು, ಅದು ಬಂಗಾರ ಅಂತ ಗೊತ್ತಾಗುತ್ತದೆ!

ಈ ಸಿನಿಮಾಕ್ಕೆ ಆಧಾರ ಅದೇ ಹೆಸರಿನ ಕಾದಂಬರಿ. ಯು.ಆರ್. ಅನಂತಮೂರ್ತಿಯವರು ಅದನ್ನು ಬರೆದದ್ದು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ. ಅದಕ್ಕೆ ಕಿಡಿ ಹೊತ್ತಿಸಿದ್ದೂ ಒಂದು ಕಪ್ಪು ಬಿಳುಪು ಸಿನಿಮಾನೇ. ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ ಅವರದು, ಅದೂ ಸಬ್‌ಟೈಟಲ್ ಇಲ್ಲದೆ ನೋಡಿದ್ದು. ಇನ್ನು ‘ಸಂಸ್ಕಾರ’ದ ತಂಡವನ್ನೇ ನೋಡಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಚಿತ್ರಕಥೆ ಬರೆದು ಆಚಾರ್ಯರ ಪಾತ್ರ ಮಾಡಿದವರು ಗಿರೀಶ ಕಾರ್ನಾಡ, ನಾರಣಪ್ಪನಾದವರು ಲಂಕೇಶ್. ಇಷ್ಟೆಲ್ಲ ಕಡೆಯವರು ಸೇರಿ ಮಾಡಿದ ಚಿತ್ರ ಇಷ್ಟು ಅಪ್ಪಟ ಮಲೆನಾಡಿನದ್ದಾಗಿರುವುದು ಸೋಜಿಗ, ಅಲ್ವಾ?

ಸಿನಿಮಾ ಮುಗಿಯಿತು. ಆಮೇಲೆ ಆದದ್ದು ಥೇಟ್ ನಾರಣಪ್ಪನ ಹೆಣದ ಕತೆ. ಇದನ್ನು ತೋರಿಸಿದರೆ ಜನ ಕೆರಳುತ್ತಾರೆ ಅಂತ ಮದ್ರಾಸಿನ ಸೆನ್ಸಾರ್‌ನವರು ನಿಷೇಧ ಹಾಕಿಬಿಟ್ಟರು. ತೋರಿಸಬಹುದೋ ಬೇಡವೋ ಅಂತ ಇತ್ಯರ್ಥ ಆಗುವವರೆಗೆ ರೀಲುಗಳು ಡಬ್ಬಿಯಲ್ಲೇ ಕಾಯಬೇಕಾಯಿತು. ಕೊನೆಗೆ ನಿಷೇಧ ತೆರವಾಯಿತು. ಹೆಚ್ಚು ಕಾಲ ಆಗಲಿಲ್ಲ, ಅದೇ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರ ಅಂತ ಚಿನ್ನದ ಪದಕ ಬಂತು. ಕನ್ನಡಕ್ಕೆ ಆ ಗೌರವ ಅದೇ ಮೊದಲು. ಬಂಗಾರ ಕಂಡ ಮೇಲೆ ಎಷ್ಟು ಜನರ ಮಾತು ಬದಲಾಯಿತೋ, ಚಂದ್ರಿಯನ್ನೇ ಕೇಳಬೇಕು.

ಆ ಚಂದ್ರಿಯಾಗಿ ನಟಿಸಿದವರು ನಿರ್ದೇಶಕರ ಹೆಂಡತಿ ಸ್ನೇಹಲತಾ ರೆಡ್ಡಿ. ತುರ್ತುಪರಿಸ್ಥಿತಿಯಲ್ಲಿ ಅವರನ್ನು ಬಂಧಿಸಿ ಬೆಂಗಳೂರು ಜೈಲಿನಲ್ಲಿ ಇಟ್ಟರು. ಅವರಿಗೆ ಉಬ್ಬಸ ಇತ್ತು. ಕಾಯಿಲೆ ಜಾಸ್ತಿಯಾದ ಮೇಲೆ ಪೆರೋಲ್ ಮೇಲೆ ಹೊರಗೆ ಬಿಟ್ಟರು. ಕೆಲವೇ ದಿನ, 1977ರ ಜನವರಿಯಲ್ಲಿ ತೀರಿಕೊಂಡರು. ಇದು ಗೊತ್ತಾದ ಮೇಲೆ ಒಡವೆ ಬಿಚ್ಚುವ ಆ ಕೈಗಳನ್ನು ನಾನು ಬೇರೆ ಥರ ನೋಡುತ್ತೇನೆ.

ನಮಸ್ಕಾರ.