ಏಳಕ್ಕೆ ಆರು: 1896ರ ವೆಸ್ಟರ್ನ್ ಕಾನ್ಫರೆನ್ಸ್ ಫುಟ್‌ಬಾಲ್ ಋತು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಬಿಗ್ ಟೆನ್ ಎಂಬ ಒಕ್ಕೂಟವಿದೆ. ಹೆಸರಿನಲ್ಲಿ ಹತ್ತು ಇದ್ದರೂ 2024ರಿಂದ ಅದರೊಳಗೆ ಹದಿನೆಂಟು ವಿಶ್ವವಿದ್ಯಾಲಯಗಳಿವೆ. ಶುರುವಿನಲ್ಲಿ ಇದ್ದದ್ದು ಏಳೇ, ಆಗ ಜನ ಅದನ್ನು ವೆಸ್ಟರ್ನ್ ಕಾನ್ಫರೆನ್ಸ್ ಎನ್ನುತ್ತಿದ್ದರು. ಆ ಏಳು ತಂಡಗಳು ಒಕ್ಕೂಟದ ಸದಸ್ಯರಾಗಿ ಆಡಿದ ಮೊದಲ ಋತು 1896ರ ಶರತ್ಕಾಲದ್ದು. ಹಳೆಯ ದಾಖಲೆಯಲ್ಲಿ ಅದರ ಫಲಿತಾಂಶ ಹುಡುಕಿದರೆ ಆರಕ್ಕೆ ನಾಲ್ಕು, ನಾಲ್ಕಕ್ಕೆ ನಾಲ್ಕು, ಏಳಕ್ಕೆ ಆರು ಎಂಬ ವಿಚಿತ್ರ ಅಂಕಗಳು ಕಾಣುತ್ತವೆ. ಈಗಿನ ಲೆಕ್ಕ ಹಿಡಿದು ಓದಲು ಹೋದರೆ ಅವು ಬಗ್ಗುವುದಿಲ್ಲ. ಅವನ್ನು ಹೇಗೆ ಓದಬೇಕು, ಆ ವರ್ಷ ಯಾರು ಗೆದ್ದರು, ಗೆದ್ದರು ಎನ್ನುವುದಕ್ಕೆ ಆಗ ಏನರ್ಥವಿತ್ತು ಎಂಬುದೇ ಇವತ್ತಿನ ಮಾತು.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಈ ಒಕ್ಕೂಟ ಹುಟ್ಟಿದ್ದು ಪಂದ್ಯಾವಳಿ ನಡೆಸಲು ಅಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಕ್ಷ ಜೇಮ್ಸ್ ಸ್ಮಾರ್ಟ್ 1895ರ ಜನವರಿ 11ರಂದು ಶಿಕಾಗೊದ ಪಾಮರ್ ಹೌಸ್ ಹೋಟೆಲಿಗೆ ನೆರೆಯ ವಿಶ್ವವಿದ್ಯಾಲಯಗಳ ಅಧ್ಯಕ್ಷರನ್ನು ಕರೆದರು. 1896ರ ಫೆಬ್ರವರಿ 8ರಂದು ಅದೇ ಹೋಟೆಲಿನಲ್ಲಿ ಅಧ್ಯಾಪಕ ಪ್ರತಿನಿಧಿಗಳು ಕೂತು ಒಕ್ಕೂಟವನ್ನು ಕಟ್ಟಿದರು. ಶಿಕಾಗೊ, ಇಲಿನಾಯ್, ಮಿಶಿಗನ್, ಮಿನ್ನೆಸೋಟ, ನಾರ್ತ್‌ವೆಸ್ಟರ್ನ್, ಪರ್ಡ್ಯೂ, ವಿಸ್ಕಾನ್ಸಿನ್ ಇವೇ ಆ ಏಳು. ಮೊದಲ ಸಭೆಗೆ ಬಂದಿದ್ದ ಲೇಕ್ ಫಾರೆಸ್ಟ್ ಕಾಲೇಜು ಎರಡನೆಯದರಲ್ಲಿ ಇರಲಿಲ್ಲ, ಅದರ ಕುರ್ಚಿಯಲ್ಲಿ ಮಿಶಿಗನ್ ಕೂತಿತ್ತು.

ಮೇಷ್ಟ್ರುಗಳ ತಲೆನೋವು ಬೇರೆಯೇ ಇತ್ತು. ದುಡ್ಡು ಕೊಟ್ಟು ತಂದ ಆಟಗಾರರು, ಸುಳ್ಳು ಹೆಸರಿನಲ್ಲಿ ಮೈದಾನಕ್ಕಿಳಿಯುವವರು, ಇವತ್ತು ಈ ಕಾಲೇಜು ನಾಳೆ ಆ ಕಾಲೇಜು ಎಂದು ಅಲೆಯುವ ಗಟ್ಟಿಗರು. ಇವರನ್ನು ಹೊರಗಿಡುವುದಕ್ಕೇ ನಿಯಮಗಳನ್ನು ಬರೆದರು. ಆಡುವವನು ನಿಜವಾಗಿ ಓದುತ್ತಿರುವ ವಿದ್ಯಾರ್ಥಿಯಾಗಿರಬೇಕು, ಓದಿನಲ್ಲಿ ಹಿಂದೆ ಬಿದ್ದಿರಬಾರದು. ಬೇರೆ ಕಾಲೇಜಿನಿಂದ ಬಂದವನು ಪದವೀಧರನಲ್ಲದಿದ್ದರೆ ಆರು ತಿಂಗಳು ಇಲ್ಲಿ ಓದಿ ಆಮೇಲೆ ಆಡಬೇಕು. ಆಟಕ್ಕೆ ಸಂಬಳವಾಗಲಿ ಉಡುಗೊರೆಯಾಗಲಿ ಇಲ್ಲ. ಇಷ್ಟೆಲ್ಲ ಬರೆದವರು ಯಾರು ಯಾರೊಡನೆ ಎಷ್ಟು ಪಂದ್ಯ ಆಡಬೇಕು ಎಂದು ಮಾತ್ರ ಬರೆಯಲಿಲ್ಲ. ವೇಳಾಪಟ್ಟಿ ಆಯಾ ತಂಡದ ವ್ಯವಸ್ಥಾಪಕರ ಪತ್ರವ್ಯವಹಾರಕ್ಕೆ ಬಿಟ್ಟದ್ದು. ಚಾಂಪಿಯನ್ ಪಟ್ಟಕ್ಕೂ ಸೂತ್ರವಿರಲಿಲ್ಲ. ಈ ಮಾತು ನೆನಪಿರಲಿ, ಕೊನೆಗೆ ಇಲ್ಲಿಗೇ ಬರಬೇಕಾಗುತ್ತದೆ.

ಈಗ ಆಟ. ಮೈದಾನ 110 ಗಜ ಉದ್ದ, 53 ಗಜ ಒಂದು ಅಡಿ ಅಗಲ, ಐದೈದು ಗಜಕ್ಕೊಂದು ಸುಣ್ಣದ ಗೆರೆ. ಒಂದೊಂದು ಕಡೆ ಹನ್ನೊಂದು ಜನ. 35 ನಿಮಿಷದ ಎರಡು ಅರ್ಧ. ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರುವಂತಿಲ್ಲ, ಆದ್ದರಿಂದ ಕಾಲು ಉಳುಕಿದವನೂ ಹಲ್ಲು ಕಚ್ಚಿ ನಿಂತಿರುತ್ತಿದ್ದ. ಚೆಂಡು ಕೈಯಲ್ಲಿರುವ ತಂಡಕ್ಕೆ ಮೂರು ಯತ್ನ, ಅಷ್ಟರಲ್ಲಿ ಐದು ಗಜ ಮುಂದೆ ಹೋಗಬೇಕು. ಇಂದಿನ ನಾಲ್ಕು ಯತ್ನಕ್ಕೆ ಹತ್ತು ಗಜ ಎಂಬ ಲೆಕ್ಕ ಆಗ ಇರಲಿಲ್ಲ. ಚೆಂಡನ್ನು ಮುಂದಕ್ಕೆ ಎಸೆಯುವುದು ಸಂಪೂರ್ಣ ನಿಷಿದ್ಧ, ಅದಕ್ಕೆ ಅನುಮತಿ ಸಿಕ್ಕಿದ್ದು 1906ರಲ್ಲಿ. ಮಧ್ಯದವನಿಂದ ಚೆಂಡು ಪಡೆದ ಕ್ವಾರ್ಟರ್‌ಬ್ಯಾಕ್ ತಾನೇ ಅದನ್ನು ಹಿಡಿದು ಗೆರೆ ದಾಟಿ ಓಡುವಂತಿಲ್ಲ, ಇನ್ನೊಬ್ಬನ ಕೈಗೆ ಕೊಡಲೇಬೇಕು.

ಎಸೆಯುವ ದಾರಿಯಿಲ್ಲ, ಬೇಕಾದದ್ದು ಐದೇ ಗಜ. ಹಾಗಿದ್ದಾಗ ಯಾರಾದರೂ ಏನು ಮಾಡುತ್ತಾರೆ? ಗುಂಪು ಕಟ್ಟಿ ನುಗ್ಗುತ್ತಾರೆ. ಚೆಂಡು ಹಿಡಿದವನನ್ನು ಸಂಗಡಿಗರು ಹಿಂದಿನಿಂದ ತಳ್ಳುವುದು, ಮುಂದಿನಿಂದ ಎಳೆಯುವುದು ಎಲ್ಲ ನಿಯಮಬದ್ಧವೇ. ಎರಡು ಸಾಲುಗಳ ನಡುವೆ ಚೆಂಡಿನಷ್ಟೇ ಅಂತರ. ಕಬಡ್ಡಿಯ ಹಿಡಿತವನ್ನೂ ಹಗ್ಗಜಗ್ಗಾಟದ ಬಲವನ್ನೂ ಒಂದೇ ಕೆಸರಿನಲ್ಲಿ ಕಲಸಿದರೆ ಹೇಗಿರಬಹುದೋ ಹಾಗೆ. ದೂರದಿಂದ ಬೆಣೆಯಾಕಾರದಲ್ಲಿ ಓಡಿ ಬಂದು ಗುದ್ದುವ ‘ಫ್ಲೈಯಿಂಗ್ ವೆಜ್’ ಎಂಬ ವರಸೆಯನ್ನು ಹಾರ್ವರ್ಡ್ 1892ರಲ್ಲಿ ತಂದಿತ್ತು. ಗಾಯ ಹೆಚ್ಚಾಗಿ 1894ರಲ್ಲಿ ಅದನ್ನು ನಿಲ್ಲಿಸಿದರು. ಆದರೂ ನಿಂತಲ್ಲಿಂದಲೇ ಒತ್ತುವ ಗುಂಪಾಟ ಹಾಗೆಯೇ ಉಳಿಯಿತು. ಹೀಗಾಗಿ ಮೂರನೆಯ ಯತ್ನದವರೆಗೂ ಕಾಯದೆ ಚೆಂಡನ್ನು ದೂರ ಒದ್ದು ಎದುರಾಳಿಯನ್ನು ಅವರ ಗೆರೆಯ ಹತ್ತಿರ ಸಿಕ್ಕಿಸುವುದು ಜಾಣತನವಾಗಿತ್ತು. ಚೆನ್ನಾಗಿ ಒದೆಯುವ ಒಬ್ಬನಿದ್ದರೆ ಅರ್ಧ ತಂಡವಿದ್ದ ಹಾಗೆ.

ಅಂಕಗಳಿಗೆ ಬರೋಣ. ಎದುರಾಳಿಯ ಗೋಲು ಗೆರೆಯಾಚೆ ಚೆಂಡನ್ನು ನೆಲಮುಟ್ಟಿಸಿದರೆ, ಅಂದರೆ ಟಚ್‌ಡೌನ್‌ಗೆ, ನಾಲ್ಕು. ಅದರ ನಂತರ ಗೋಲುಗಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಒದ್ದು ಹೊಡೆದ ಗೋಲಿಗೆ ಎರಡು. ಆಟದ ನಡುವೆ ಒದ್ದು ಹೊಡೆದ ಫೀಲ್ಡ್ ಗೋಲಿಗೆ ಐದು. ತನ್ನದೇ ಗೋಲು ಗೆರೆಯ ಹಿಂದೆ ಸಿಕ್ಕಿಬಿದ್ದರೆ, ಅಂದರೆ ಸೇಫ್ಟಿಯಾದರೆ, ಎದುರಾಳಿಗೆ ಎರಡು. ಒಂದು ಒದೆತ ಇಡೀ ಟಚ್‌ಡೌನ್‌ಗಿಂತ ಹೆಚ್ಚು ಬೆಲೆಬಾಳುತ್ತಿತ್ತು! ಈ ಆಟ ರಗ್ಬಿಯ ಮಗು, ರಗ್ಬಿಯ ಹಳೆಯ ಕಾಲದಲ್ಲಿ ಗೋಲೇ ಮುಖ್ಯ, ಟಚ್‌ಡೌನ್ ಎಂದರೆ ಗೋಲಿಗೆ ಒದೆಯಲು ಸಿಕ್ಕ ಅವಕಾಶ ಮಾತ್ರ. ಆ ಲೆಕ್ಕದ ಪಳೆಯುಳಿಕೆ ಇದು.

ಟಚ್‌ಡೌನ್ ನಂತರದ ಆ ಎರಡು ಅಂಕವೂ ಪುಕ್ಕಟೆಯಲ್ಲ. ಚೆಂಡು ಎಲ್ಲಿ ನೆಲಮುಟ್ಟಿತೋ ಅದೇ ನೇರದಲ್ಲಿ ಹಿಂದೆ ತಂದು ಒದೆಯಬೇಕು. ಗೋಲುಗಂಬಗಳ ನಡುವೆ ನೆಲಮುಟ್ಟಿಸಿದವನಿಗೆ ಸುಲಭ, ಮೂಲೆಯಲ್ಲಿ ಮುಟ್ಟಿಸಿದರೆ ಕೋನ ಸಿಗುವುದೇ ಇಲ್ಲ. ಆಗ ಇನ್ನೊಂದು ದಾರಿಯಿತ್ತು. ಗೆರೆಯ ಹಿಂದಿನಿಂದ ಒಬ್ಬ ಚೆಂಡನ್ನು ಮೈದಾನದೊಳಗೆ ಒದೆಯುವುದು, ಗಂಬಗಳ ಎದುರಿಗೆ ನಿಂತ ಸಂಗಡಿಗ ಅದನ್ನು ನೆಲಕ್ಕೆ ಬೀಳದಂತೆ ಹಿಡಿಯುವುದು, ಹಿಡಿದ ಜಾಗದಿಂದ ಗೋಲಿಗೆ ಹೊಡೆಯುವುದು. ಹಿಡಿತ ತಪ್ಪಿದರೆ ಎರಡು ಅಂಕವೂ ಹೋಯಿತು. ಒದೆಯುವಾಗ ಇನ್ನೊಬ್ಬ ಬೋರಲು ಮಲಗಿ ಚೆಂಡನ್ನು ನೆಲಕ್ಕೆ ತಾಗದಂತೆ ಹಿಡಿದಿರುತ್ತಿದ್ದ. ಚೆಂಡು ನೆಲಕ್ಕೆ ತಾಗಿದ ಕ್ಷಣ ಎದುರಾಳಿಗಳು ನುಗ್ಗಬಹುದು. ಆದ್ದರಿಂದ ಇಡುವುದೂ ಒದೆಯುವುದೂ ಒಂದೇ ಉಸಿರಿನಲ್ಲಿ ಆಗಬೇಕು.

ಫೀಲ್ಡ್ ಗೋಲಿಗೆ ಡ್ರಾಪ್ ಕಿಕ್ ಮೆಚ್ಚಿನ ವಿಧಾನ. ಎರಡೂ ಕೈಯಲ್ಲಿ ಚೆಂಡನ್ನು ನೆಟ್ಟಗೆ ಹಿಡಿದು, ತೂರದೆ, ಸುಮ್ಮನೆ ಬಿಡಬೇಕು. ನೆಲಕ್ಕೆ ತಾಗಿ ಮೇಲೇಳುವ ಗಳಿಗೆಗೆ ಸರಿಯಾಗಿ ಕಾಲು ಬೀಸಬೇಕು. ಕಾಲು ಮೊದಲೇ ತಾಗಿದರೆ ಅದು ಪಂಟ್, ಗಂಬಗಳ ನಡುವೆ ಹೋದರೂ ಅಂಕವಿಲ್ಲ. ತಡವಾದರೆ ಚೆಂಡು ಆಗಲೇ ಮೊಣಕಾಲಿನತ್ತ ಏರಿರುತ್ತದೆ. ಬಿಡುವಾಗ ಚೂರು ಓರೆಯಾದರೂ ಪಕ್ಕಕ್ಕೆ ಪುಟಿಯುತ್ತದೆ. ಆಗಿನ ಚೆಂಡು ಈಗಿನದಕ್ಕಿಂತ ದಪ್ಪ, ತುದಿ ಮೊಂಡು, ಹಾಗಾಗಿ ಪುಟಿತ ನಂಬಬಹುದಾಗಿತ್ತು. ಎಸೆತಕ್ಕೆ ಅನುಕೂಲವಾಗಲೆಂದು ಮುಂದೆ ಚೆಂಡನ್ನು ಸಣ್ಣಗೆ ಮಾಡಿದ ಮೇಲೆ ಡ್ರಾಪ್ ಕಿಕ್ ಕಣ್ಮರೆಯಾಯಿತು. ಗಂಬಗಳ ನಡುವೆ ಹದಿನೆಂಟೂವರೆ ಅಡಿ ಅಂತರ, ಅಡ್ಡಪಟ್ಟಿ ಹತ್ತು ಅಡಿ ಎತ್ತರ, ಗಂಬಗಳು ನೆಟ್ಟಿದ್ದು ಗೋಲು ಗೆರೆಯ ಮೇಲೆಯೇ.

ಇಷ್ಟು ಗೊತ್ತಿದ್ದರೆ ಅಂಕಗಳು ಬಾಯಿ ಬಿಡುತ್ತವೆ. ಮಿಶಿಗನ್ ತಂಡ ಮಿನ್ನೆಸೋಟವನ್ನು ಆರಕ್ಕೆ ನಾಲ್ಕರಿಂದ ಸೋಲಿಸಿತು. ಎಂದರೆ ಎರಡೂ ತಂಡದವರು ಒಂದೊಂದು ಟಚ್‌ಡೌನ್ ಮಾಡಿದರು, ಮಿಶಿಗನ್ ನಂತರದ ಗೋಲು ಹೊಡೆಯಿತು, ಮಿನ್ನೆಸೋಟಕ್ಕೆ ಅದು ಸಿಗಲಿಲ್ಲ. ಎಪ್ಪತ್ತು ನಿಮಿಷದ ಗುದ್ದಾಟ ತೀರ್ಮಾನವಾದದ್ದು ಆ ಒಂದು ಒದೆತದಿಂದ. ಇಲಿನಾಯ್ ಮತ್ತು ಪರ್ಡ್ಯೂ ನಾಲ್ಕು ನಾಲ್ಕಕ್ಕೆ ನಿಂತವು. ಅಲ್ಲಿ ಇಬ್ಬರ ಒದೆತವೂ ತಪ್ಪಿತ್ತು.

ಋತುವಿನಲ್ಲಿ ಒಕ್ಕೂಟದೊಳಗೆ ನಡೆದ ಪಂದ್ಯಗಳು ಒಟ್ಟು ಹನ್ನೆರಡೇ. ಪ್ರತಿ ತಂಡವೂ ಉಳಿದ ಆರನ್ನು ಒಮ್ಮೆ ಎದುರಿಸಿದ್ದರೆ ಇಪ್ಪತ್ತೊಂದು ಆಗಬೇಕಿತ್ತು. ಶಿಕಾಗೊ ಐದು ಆಡಿತು, ನಾರ್ತ್‌ವೆಸ್ಟರ್ನ್ ನಾಲ್ಕು, ಉಳಿದವರು ಮೂರು ಮೂರು. ಅದರಲ್ಲೂ ಶಿಕಾಗೊ ಮತ್ತು ನಾರ್ತ್‌ವೆಸ್ಟರ್ನ್ ಎರಡು ಸಲ ಭೇಟಿಯಾದವು. ಅಕ್ಟೋಬರಿನಲ್ಲಿ ನಾರ್ತ್‌ವೆಸ್ಟರ್ನ್ 46–6ರಿಂದ ಶಿಕಾಗೊವನ್ನು ನುಚ್ಚುನೂರು ಮಾಡಿತು. ನವೆಂಬರಿನಲ್ಲಿ ಅದೇ ಶಿಕಾಗೊ 18–6ರಿಂದ ಸೇಡು ತೀರಿಸಿಕೊಂಡಿತು. ತಿಂಗಳೊಳಗೆ ಐವತ್ತೆರಡು ಅಂಕಗಳ ತಿರುವು. ಶಿಕಾಗೊದ ತರಬೇತುದಾರ ಅಮೊಸ್ ಅಲೊಂಜೊ ಸ್ಟಾಗ್. ನಮ್ಮ ಎ. ಕೆ. ರಾಮಾನುಜನ್ ಮುಂದೆ ಪಾಠ ಹೇಳಿದ್ದು ಇದೇ ಶಿಕಾಗೊ ವಿಶ್ವವಿದ್ಯಾಲಯದಲ್ಲಿ. ಅವರು ಅಲ್ಲಿಗೆ ಹೋಗುವ ಹೊತ್ತಿಗೆ ಅದು 1939ರಲ್ಲೇ ದೊಡ್ಡ ಫುಟ್‌ಬಾಲ್ ಬಿಟ್ಟು, 1946ರಲ್ಲಿ ಒಕ್ಕೂಟದಿಂದಲೂ ಹೊರಬಂದಿತ್ತು.

ನವೆಂಬರ್ 26, ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಂದು ಬೆಳಿಗ್ಗೆ ಸೋಲು ಕಾಣದೆ ಉಳಿದಿದ್ದವು ಎರಡು ತಂಡ. ವಿಸ್ಕಾನ್ಸಿನ್, ಪ್ರಿನ್ಸ್‌ಟನ್‌ನಿಂದ ಬಂದ ಫಿಲಿಪ್ ಕಿಂಗ್ ಕೈಕೆಳಗೆ, ಶಿಕಾಗೊವನ್ನು 24–0ರಿಂದ, ಮಿನ್ನೆಸೋಟವನ್ನು 6–0ರಿಂದ ಮಣಿಸಿತ್ತು. ಮಿಶಿಗನ್ ಪರ್ಡ್ಯೂ ಮತ್ತು ಮಿನ್ನೆಸೋಟವನ್ನು ಗೆದ್ದಿತ್ತು. ಇವೆರಡೂ ಪರಸ್ಪರ ಆಡುವ ಏರ್ಪಾಡೇ ಇರಲಿಲ್ಲ. ಅಂದು ವಿಸ್ಕಾನ್ಸಿನ್ ಎವನ್‌ಸ್ಟನ್‌ನಲ್ಲಿ ನಾರ್ತ್‌ವೆಸ್ಟರ್ನ್ ಜೊತೆ 6–6ಕ್ಕೆ ನಿಂತಿತು. ಈಗ ಮಿಶಿಗನ್ ಗೆದ್ದರೆ ಮೂರಕ್ಕೆ ಮೂರು, ಮಾತೇ ಬೇಡ.

ಮಿಶಿಗನ್ ಅಂದು ಶಿಕಾಗೊ ತಂಡದ ಎದುರು ಆಡುತ್ತಿದ್ದುದು ಶಿಕಾಗೊ ನಗರದ ಕಾಲಿಸಿಯಂನಲ್ಲಿ, ಸೂರಿನ ಕೆಳಗೆ. ಕೆಲವೇ ತಿಂಗಳ ಹಿಂದೆ, ಜುಲೈಯಲ್ಲಿ, ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಬೆಳ್ಳಿ ನಾಣ್ಯದ ಪರವಾಗಿ ಗುಡುಗಿದ ಕಟ್ಟಡವೇ ಅದು. ಒಳಗೆ ಮಣ್ಣಿನ ನೆಲ. ಮಳೆ ಗಾಳಿಯ ಕಾಟ ತಪ್ಪಿತು, ಬೆಳಕಿನ ಕಾಟ ತಪ್ಪಲಿಲ್ಲ. ಎರಡನೆಯ ಅರ್ಧದಲ್ಲಿ ಕತ್ತಲಾಗಿ ವಿದ್ಯುದ್ದೀಪ ಹೊತ್ತಿಸಬೇಕಾಯಿತು. ಮಿಶಿಗನ್ ತನ್ನ ಗೋಲಿನ ಹತ್ತಿರ ಸಿಕ್ಕಿ ಒದೆಯಲು ಹೋದ ಪಂಟನ್ನು ಶಿಕಾಗೊದವರು ತಡೆದರು, ಅದು ಸೇಫ್ಟಿ, ಎರಡು ಅಂಕ. ಇಂಥ ತಡೆ ಆಗ ಸಾಮಾನ್ಯ. ಸಾಲುಗಳ ನಡುವೆ ಅಂತರವಿಲ್ಲ, ಒದೆಯುವವನು ಗೆರೆಯಿಂದ ಕೆಲವು ಗಜ ಹಿಂದೆ ನಿಲ್ಲಲೇಬೇಕು, ಮೈದಾನದ ತುದಿಯಲ್ಲಿ ಆ ಹಿಂದೆ ಎಂಬುದು ತನ್ನ ಗೋಲು ಗೆರೆಯಾಚೆಗೇ ಬೀಳುತ್ತದೆ. ಇನ್ನು ಶಿಕಾಗೊದ ಕ್ಲಾರೆನ್ಸ್ ಹರ್ಷ್‌ಬರ್ಗರ್ ಒಂದು ಡ್ರಾಪ್ ಕಿಕ್ ಹೊಡೆದ, ಐದು ಅಂಕ. ಒಟ್ಟು ಏಳು. ಮಿಶಿಗನ್ ಒಂದು ಟಚ್‌ಡೌನ್ ಮಾಡಿ ಗೋಲೂ ಹೊಡೆಯಿತು. ಒಟ್ಟು ಆರು.

ಅಂದರೆ ಆ ದಿನ ಶಿಕಾಗೊ ಒಂದೂ ಟಚ್‌ಡೌನ್ ಇಲ್ಲದೆ ಗೆದ್ದಿತು. ಇದೇ ಆಟಕ್ಕೆ ಈಗಿನ ಅಂಕ ಹಚ್ಚಿ ನೋಡಿ. ಟಚ್‌ಡೌನ್‌ಗೆ ಆರು, ನಂತರದ ಒದೆತಕ್ಕೆ ಒಂದು, ಫೀಲ್ಡ್ ಗೋಲಿಗೆ ಮೂರು, ಸೇಫ್ಟಿಗೆ ಎರಡು. ಮಿಶಿಗನ್ ಏಳು, ಶಿಕಾಗೊ ಐದು!

ಮಿಶಿಗನ್ ಸೋತದ್ದರಿಂದ ಪಟ್ಟ ವಿಸ್ಕಾನ್ಸಿನ್‌ಗೆ ಹೋಯಿತು. ಎರಡು ಗೆಲುವು, ಒಂದು ಸಮ, ಸೋಲಿಲ್ಲ. ಸಮವನ್ನು ಲೆಕ್ಕದಿಂದ ಬಿಟ್ಟರೆ ನೂರಕ್ಕೆ ನೂರು. ಸಮಕ್ಕೆ ಅರ್ಧ ಗೆಲುವು ಎಂದು ಹಿಡಿದರೂ ಮೊದಲ ಸ್ಥಾನ ಅದಕ್ಕೇ. ಆದರೆ ಗೆಲುವಿನ ಸಂಖ್ಯೆಯನ್ನಷ್ಟೇ ಎಣಿಸಿದರೆ ಮೂರು ಗೆದ್ದ ಶಿಕಾಗೊ ಮುಂದೆ, ಅದೂ ವಿಸ್ಕಾನ್ಸಿನ್ ಕೈಯಲ್ಲಿ 24 ಅಂಕ ತಿಂದ ಶಿಕಾಗೊ. ಆ ಋತುವಿನಲ್ಲಿ ಒಕ್ಕೂಟದ ಹೊರಗಿನವೂ ಸೇರಿ ಹದಿನೆಂಟು ಪಂದ್ಯ ಆಡಿ ಹದಿನೈದು ಗೆದ್ದ ತಂಡ ಅದು. ಮಿಶಿಗನ್ ಒಟ್ಟು ಹತ್ತರಲ್ಲಿ ಒಂಬತ್ತು ಗೆದ್ದಿತ್ತು. ನನ್ನನ್ನು ಕೇಳಿದರೆ ವಿಸ್ಕಾನ್ಸಿನ್ ಹಕ್ಕುದಾರನೇ ಹೌದು, ಆದರೆ ಮಿಶಿಗನ್ ಜೊತೆ ಆಡದೆ ಸಿಕ್ಕ ಪಟ್ಟ ಎಂಬ ಮಾತನ್ನೂ ಪಕ್ಕದಲ್ಲಿ ಬರೆದಿಡಬೇಕು. ಆಡುವವರ ಅರ್ಹತೆಗೆ ಅಷ್ಟು ನಿಯಮ ಬರೆದ ಮೇಷ್ಟ್ರುಗಳಿಗೆ ವೇಳಾಪಟ್ಟಿಗೆ ಒಂದು ಸಾಲು ಬರೆಯುವುದು ಕಷ್ಟವಿರಲಿಲ್ಲ. ಬಹುಶಃ ಚಾಂಪಿಯನ್ ಎಂಬ ಮಾತೇ ಅವರಿಗೆ ಬೇಡವಾಗಿತ್ತು.

ವಿಸ್ಕಾನ್ಸಿನ್‌ನ ಋತು ಅಲ್ಲಿಗೇ ಮುಗಿಯಲಿಲ್ಲ. ಡಿಸೆಂಬರ್ 19ರ ರಾತ್ರಿ, ಅದೇ ಕಾಲಿಸಿಯಂನಲ್ಲಿ, ದೀಪದ ಬೆಳಕಿನಲ್ಲಿ, ಪೆನ್ಸಿಲ್ವೇನಿಯದ ಕಾರ್ಲೈಲ್ ಇಂಡಿಯನ್ ಶಾಲೆಯ ತಂಡ ಅದನ್ನು 18–8ರಿಂದ ಸೋಲಿಸಿತು. ಮೂಲನಿವಾಸಿ ಅಮೆರಿಕನ್ ಹುಡುಗರ ತಂಡ ಅದು. ಒಕ್ಕೂಟದ ಹೊರಗಿನ ಪಂದ್ಯವಾದ್ದರಿಂದ ಪಟ್ಟಕ್ಕೆ ಧಕ್ಕೆಯಾಗಲಿಲ್ಲ, ಆದರೆ ಆ ವರ್ಷ ವಿಸ್ಕಾನ್ಸಿನ್ ಕಂಡ ಒಂದೇ ಸೋಲು ಇದು. ಮರುವರ್ಷ ಕ್ರಿಸ್‌ಮಸ್ ಹಿಂದಿನ ದಿನ ಕಾಲಿಸಿಯಂ ಬೆಂಕಿಗೆ ಆಹುತಿಯಾಯಿತು.

1898ರಲ್ಲಿ ಅಂಕಪದ್ಧತಿ ಬದಲಾಯಿತು. ಟಚ್‌ಡೌನ್‌ಗೆ ಐದು, ನಂತರದ ಗೋಲಿಗೆ ಒಂದು. ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ದಿನ ಮಿಶಿಗನ್ ಮತ್ತೆ ಶಿಕಾಗೊಗೆ ಬಂತು. ಎರಡು ಟಚ್‌ಡೌನ್, ಎರಡಕ್ಕೂ ಗೋಲು, ಒಟ್ಟು ಹನ್ನೆರಡು. ಶಿಕಾಗೊ ಹನ್ನೊಂದು. ಮಿಶಿಗನ್ ತನ್ನ ಮೊದಲ ಒಕ್ಕೂಟ ಪಟ್ಟ ಹಿಡಿದು ಊರಿಗೆ ಹೋಯಿತು, ಈ ಸಲವೂ ಅಂತರ ಒಂದೇ ಅಂಕ.

ನಮಸ್ಕಾರ.